ಎಂ.ಬಿ.ಎ. ಗುರಿಯಿದ್ದವರು ಪದವಿ ಎಲ್ಲಿ ಓದಬೇಕು?

ಓದುಗರೇ, ಮಗಳು ಎಂ.ಬಿ.ಎ. ಮಾಡುತ್ತೇನೆಂದರೆ ಪಿ.ಯು.ಸಿ. ಮುಗಿದೊಡನೆ ಬೆಂಗಳೂರಿಗೇ ಕಳಿಸಬೇಕೆ? ಸ್ವಲ್ಪ ಹಿಂದಕ್ಕೆ ಹೋಗೋಣ.

ನಮ್ಮ ಹಲಗೇರಿ ಸೀಮೆ ಮುಂಬಯಿ ಪ್ರಾಂತ್ಯದಲ್ಲಿದ್ದಾಗ ವಾಣಿಜ್ಯ ಶಿಕ್ಷಣಕ್ಕೆ ಹೆಸರಾಗಿದ್ದುದು 1913ರಲ್ಲಿ ಮುಂಬಯಿಯಲ್ಲಿ ಆರಂಭವಾದ ಸಿಡೆನ್‌ಹ್ಯಾಮ್ ಕಾಲೇಜು. 1917ರಲ್ಲಿ ಧಾರವಾಡಕ್ಕೆ ಕರ್ನಾಟಕ ಕಾಲೇಜು ಬಂದರೂ ಪದವಿ ಕೊಡುತ್ತಿದ್ದುದು ಮುಂಬಯಿ ವಿಶ್ವವಿದ್ಯಾಲಯವೇ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು; 2023ರಲ್ಲಿ ಹಾವೇರಿಗೇ ವಿಶ್ವವಿದ್ಯಾಲಯ ಬಂತು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ವ್ಯಾಪಾರ ಕಲಿತ ಮನೆತನಗಳಿಗೆ ಪದವಿ ಮನೆಬಾಗಿಲಿಗೆ ಬಂದಂತಾಯಿತು.

ಐ.ಐ.ಎಂ.ಗಳ ಕಥೆ ಬೇರೆ. ಕಲ್ಕತ್ತಾ, ಅಹಮದಾಬಾದಿನವು 1961ರಲ್ಲಿ, ಬೆಂಗಳೂರಿನದು 1973ರಲ್ಲಿ ಆರಂಭವಾದವು. ಅಲ್ಲಿಗೆ ಪ್ರವೇಶ ಕೊಡುವ ಕ್ಯಾಟ್ ಪರೀಕ್ಷೆ ಬರೆಯಲು ಬಿ.ಕಾಂ. ಆಗಲಿ ಬಿ.ಎ. ಆಗಲಿ, ಮಾನ್ಯತೆ ಪಡೆದ ಯಾವ ಪದವಿಯಾದರೂ ಸಾಕು, ಸಾಮಾನ್ಯವಾಗಿ ಶೇ. 50 ಅಂಕ ಬೇಕು. ಬೆಂಗಳೂರಿನ ಐ.ಐ.ಎಂ. ಹತ್ತನೆಯ ತರಗತಿ, ಪಿ.ಯು.ಸಿ., ಪದವಿಯ ಅಂಕಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. (ಎಸ್.ಎಸ್.ಎಲ್.ಸಿ.ಯಲ್ಲಿ ಉಡಾಫೆ ಮಾಡುವವರು ಗಮನಿಸಿರಿ!)

ಆದ್ದರಿಂದ ದೊಡ್ಡ ಊರಿನಲ್ಲಿ ಸಾಲ ಮಾಡಿ ಓದಿ ಕಡಿಮೆ ಅಂಕ ತೆಗೆಯುವುದಕ್ಕಿಂತ ರಾಣೇಬೆನ್ನೂರಿಗೆ ಬಸ್ಸಿನಲ್ಲಿ ಹೋಗಿಬಂದು ಓದುವುದೇ ಲೇಸೆಂದು ನನ್ನ ಅಭಿಪ್ರಾಯ. ಉಳಿದ ಹಣ ಎಂ.ಬಿ.ಎ. ಶುಲ್ಕಕ್ಕೆ ಬೇಕಾಗುತ್ತದೆ. ಆದರೆ ಅರ್ಜಿ ಹಾಕುವ ಮುನ್ನ ಕಾಲೇಜಿಗೆ ಹೋಗಿ, ಇಂಗ್ಲಿಷ್ ಮತ್ತು ಗಣಿತಕ್ಕೆ ಕಾಯಂ ಉಪನ್ಯಾಸಕರಿದ್ದಾರೆಯೇ, ಗ್ರಂಥಾಲಯ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ ಎಂದು ಕೇಳಿರಿ.