ಹಿಸ್ಟರಿ ಕ್ಲಿಯರ್ ಆಯ್ತಾ?

ಬಂಗಾರಪೇಟೆಗೆ ರೈಲ್ವೆ ಟಿಕೆಟ್ ಬುಕ್ ಮಾಡುವಾಗ ಸ್ಟೇಷನ್ ಕೋಡ್ ಗಮನಿಸಿದ್ದೀರಾ? ಬಿಡಬ್ಲ್ಯೂಟಿ. 'ಬಂಗಾರ'ದೊಳಗೆ ಡಬ್ಲ್ಯೂ ಎಲ್ಲಿಂದ ಬಂತು? 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆ ಇದು. ಬೋರ್ಡಿನಿಂದ ದೊರೆ ಇಳಿದು ಎಷ್ಟೋ ಕಾಲವಾಯ್ತು, ಕೋಡಿನಲ್ಲಿ ಇನ್ನೂ ಕೂತಿದ್ದಾನೆ.

ಬ್ರೌಸರ್ ಹಿಸ್ಟರಿ ಅಳಿಸೋದೂ ಹೆಚ್ಚುಕಮ್ಮಿ ಹೀಗೇ. ನಾವು ಅಳಿಸುವುದು ಬೋರ್ಡನ್ನು. ಕ್ರೋಮ್ ನೀವು ನೋಡಿದ ಪುಟಗಳ ಪಟ್ಟಿಯನ್ನು ನಿಮ್ಮದೇ ಕಂಪ್ಯೂಟರಿನ ಒಂದು ಫೈಲಿನಲ್ಲಿ ಇಟ್ಟುಕೊಂಡಿರುತ್ತೆ. 'ಕ್ಲಿಯರ್' ಒತ್ತಿದರೆ ಅದು ಖಾಲಿ. ಆದರೆ ಆ ವೆಬ್‌ಸೈಟಿನ ಸರ್ವರ್‌ನಲ್ಲಿ ನೀವು ಬಂದು ಹೋದ ಗುರುತು ಇರುತ್ತೆ. ಇಂಟರ್ನೆಟ್ ಕೊಡುವ ಕಂಪನಿಯ ಹತ್ತಿರವೂ ಇರುತ್ತೆ. ಸಂಪರ್ಕದ ದಾಖಲೆಗಳನ್ನು ಕನಿಷ್ಠ 2 ವರ್ಷ ಇಟ್ಟುಕೊಳ್ಳಿ ಅಂತ 2021ರಲ್ಲಿ ಸರ್ಕಾರವೇ ಲೈಸೆನ್ಸ್ ಷರತ್ತು ಬದಲಿಸಿತು. ಇನ್‌ಕಾಗ್ನಿಟೋ ನಂಬಿದವರಿಗೊಂದು ಸುದ್ದಿ: ಆ ಮೋಡಿನಲ್ಲೂ ಮಾಹಿತಿ ಸಂಗ್ರಹಿಸಿದ ಆರೋಪದ ಮೇಲೆ ಅಮೆರಿಕದಲ್ಲಿ ಗೂಗಲ್ ವಿರುದ್ಧ 2020ರಲ್ಲಿ ಕೇಸು ಬಿತ್ತು. ರಾಜಿಯಾಗಿ, ಕೋಟ್ಯಂತರ ದಾಖಲೆ ನಾಶ ಮಾಡ್ತೀವಿ ಅಂತ ಕಂಪನಿ ಒಪ್ಪಿಕೊಂಡಿದ್ದು 2024ರಲ್ಲಿ.

ನಮ್ಮ ದಾಖಲೆ ಯಾರ ಕೈಯಲ್ಲಿರಬೇಕು ಅನ್ನೋ ಜಗಳ ಸಿಲಿಕಾನ್ ವ್ಯಾಲಿಯಲ್ಲಿ ಹುಟ್ಟಿದ್ದಲ್ಲ. ಬಂಗಾರಪೇಟೆಯಿಂದ ಮಾರಿಕುಪ್ಪಂ ಗಾಡಿ ಹತ್ತಿದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಸಿಗುವ ಕೆಜಿಎಫ್‌ನಲ್ಲಿ ಇದೇ ವಿಷಯಕ್ಕೆ ಗಣಿ ಕಾರ್ಮಿಕರು 1930ರಲ್ಲಿ 21 ದಿನ ಕೆಲಸ ನಿಲ್ಲಿಸಿದ್ದರು. ಕಾರ್ಮಿಕರ ಬೆರಳಚ್ಚು ತೆಗೆದು ನೋಂದಣಿ ಮಾಡೋಕೆ ಕಂಪನಿಗಳು ಹೊರಟಿದ್ದವು. ಆಗ ಗಣಿಗಳೆಲ್ಲ ಜಾನ್ ಟೇಲರ್ ಆಂಡ್ ಸನ್ಸ್ ಆಡಳಿತದಲ್ಲಿ. ಬೆರಳಚ್ಚನ್ನು ವಿಂಗಡಿಸಿ ಹುಡುಕುವ ಪದ್ಧತಿ ಕಲ್ಕತ್ತದ ಪೊಲೀಸರ ಕೈಯಲ್ಲಿ ಪಳಗಿದ್ದು. ಅಂದರೆ ಅಪರಾಧಿಗಳಿಗೆ ಮಾಡಿದ್ದು.

ಕಾರ್ಮಿಕರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದವರು, ಬಹುಪಾಲು ದಲಿತರು. ಊಹಿಸಿಕೊಳ್ಳಿ: ಮೇಸ್ತ್ರಿ ಜೊತೆ ಜಗಳವಾಗಿ ಚಾಂಪಿಯನ್ ರೀಫ್‌ನಲ್ಲಿ ಕೆಲಸ ಹೋಯ್ತು. ಹೆಸರು ಬದಲಿಸಿ ಊರಗಾಮ್ ಗಣಿಯಲ್ಲಿ ಸೇರಬಹುದಿತ್ತು. ಹೆಬ್ಬೆಟ್ಟು ಒಂದೇ ರಿಜಿಸ್ಟರಿಗೆ ಬಿದ್ದರೆ ಎಲ್ಲ ಗಣಿಗಳ ಬಾಗಿಲೂ ಒಟ್ಟಿಗೇ ಮುಚ್ಚುತ್ತೆ. ಬಡವನಿಗೆ ಹಿಸ್ಟರಿ ಕ್ಲಿಯರ್ ಮಾಡುವ ಬಟನ್ ಅಂತ ಇದ್ದಿದ್ದು ಆ ಹೊಸ ಹೆಸರೊಂದೇ. ಆ ಮುಷ್ಕರವನ್ನು ನಮ್ಮ ಖಾಸಗಿತನದ ಚರಿತ್ರೆಯ ಮೊದಲ ಅಧ್ಯಾಯಗಳಲ್ಲೇ ಬರೆಯಬೇಕು ಅಂತ ನನ್ನ ವಾದ. ಕೆಜಿಎಫ್ ಅಂದರೆ ಸಿನಿಮಾ ಅಷ್ಟೇ ಅಂದುಕೊಂಡವರಿಗೆ ಇದನ್ನ ಹೇಳಿ ಹೇಳಿ ಸಾಕಾಗಿದೆ.

ಮುಂದಿನ ಬೆರಳಚ್ಚಿನ ಜಗಳವನ್ನ ಹೂಡಿದವರೂ ಕರ್ನಾಟಕದವರೇ. ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. 2023ರ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ, ನಮ್ಮ ಮಾಹಿತಿ ಅಳಿಸಿ ಅಂತ ಕಂಪನಿಯನ್ನು ಕೇಳುವ ಹಕ್ಕೂ ಇದೆ, ಷರತ್ತುಗಳ ಸಮೇತ.

ಬೆಳಗಿನ ಬೆಂಗಳೂರು ರೈಲಿನಲ್ಲಿ ಪಕ್ಕದ ಸೀಟಿನ ಹುಡುಗ ಮೊನ್ನೆ ಮೆಲ್ಲಗೆ ಕೇಳಿದ: "ಅಣ್ಣಾ, ಆಫೀಸ್ ಲ್ಯಾಪ್‌ಟಾಪಲ್ಲಿ ಬೇರೆ ಕೆಲಸ ಹುಡುಕಿದ್ದೆ. ಹಿಸ್ಟರಿ ಡಿಲೀಟ್ ಮಾಡ್ದೆ. ಗೊತ್ತಾಗಲ್ಲ ಅಲ್ವಾ?"

"ನಿನ್ನ ಪಕ್ಕ ಕೂತವನಿಗೆ ಗೊತ್ತಾಗಲ್ಲ. ಐಟಿ ಟೀಮಿಗೆ ಗೊತ್ತಾಗಬಹುದು. ಇನ್ಮೇಲೆ ನಿನ್ನ ಫೋನಲ್ಲಿ, ನಿನ್ನ ಡೇಟಾದಲ್ಲಿ ಹುಡುಕು," ಅಂದೆ.