ದೊಡ್ಡ ಸ್ವಾಮಿಯವರು: ವಿಶ್ವಾಸವು ನಡತೆಯಾದ ಬಗೆ

ಕ್ರೈಸ್ತ ವಿಶ್ವಾಸಕ್ಕೆ ತಕ್ಕ ನಡತೆಯ ಬಾಳು ಎಂಬ ಮಾತನ್ನು ನಾವು ಪ್ರಬೋಧನೆಗಳಲ್ಲಿ ಅನೇಕ ಸಾರಿ ಕೇಳಿದ್ದೇವೆ. ಆದರೆ ಆ ಮಾತು ನಮ್ಮ ಕನ್ನಡ ನೆಲದಲ್ಲಿ ಯಾವ ಯಾವ ಕಷ್ಟಗಳ ನಡುವೆ ಕಾರ್ಯರೂಪಕ್ಕೆ ಬಂದಿತೆಂಬುದನ್ನು ವಿಚಾರಿಸಿದವರು ಕಡಿಮೆ. ವೇದಾವತಿಯ ದಂಡೆಯಲ್ಲಿ, ಮಳೆಯನ್ನೇ ನೆಚ್ಚಿ ಶೇಂಗಾ ಬಿತ್ತುವ ಪರಶುರಾಂಪುರದ ಸೀಮೆಯಲ್ಲಿ, ಚಳ್ಳಕೆರೆ ಮೊಳಕಾಲ್ಮೂರುಗಳ ಬಯಲಿನಲ್ಲಿ ನೆಲೆಸಿರುವ ವಿಶ್ವಾಸಿಗಳ ಸಂಖ್ಯೆ ಚಿಕ್ಕದು. 1988ರಲ್ಲಿ ಸ್ಥಾಪಿತವಾದ ಶಿವಮೊಗ್ಗ ಧರ್ಮಪ್ರಾಂತ್ಯದ ಈ ಒಣ ಸೀಮೆಯವರಿಗೂ ಮಲೆನಾಡಿನ ಸೆರಗಿನ ಹಾಸನದವರಿಗೂ ಪಿತ್ರಾರ್ಜಿತವಾಗಿ ಬಂದ ಒಂದು ಹೆಸರುಂಟು. ಅದು ಅಬ್ಬೆ ದುಬಾಯ್ ಅವರದು. ಫ್ರೆಂಚರು ಅದನ್ನು ದುಬ್ವಾ ಎಂದು ಉಚ್ಚರಿಸುವರು. ನಮ್ಮ ಜನ ಈ ಎರಡರ ಗೊಡವೆಗೂ ಹೋಗದೆ 'ದೊಡ್ಡ ಸ್ವಾಮಿಯವರು' ಎಂದು ಕರೆದರು.

ಮೈಸೂರು ಸೀಮೆಯಲ್ಲಿ ಯೇಸುಸಭೆಯ ಗುರುಗಳು 17ನೆಯ ಶತಮಾನದ ಮಧ್ಯಭಾಗದಿಂದಲೇ ದುಡಿಯುತ್ತಿದ್ದರು. ಅವರ ಪೈಕಿ ಮೊದಲಿಗರಾದ ಲೆಯೊನಾರ್ದೊ ಚಿನ್ನಮಿಯವರು ಕನ್ನಡ ಕಲಿತು ಧರ್ಮೋಪದೇಶವನ್ನು ಕನ್ನಡದಲ್ಲಿಯೇ ಬರೆದವರು. 1773ರಲ್ಲಿ ಪೋಪರ ಆಜ್ಞೆಯಿಂದ ಯೇಸುಸಭೆಯು ವಿಸರ್ಜನೆಗೊಂಡಿತು. ಆ ಬಳಿಕ ಪ್ಯಾರಿಸ್ಸಿನ ವಿದೇಶ ಧರ್ಮಪ್ರಚಾರ ಸಂಸ್ಥೆಯವರು ಆ ಹೊಣೆಯನ್ನು ಹೊತ್ತರು. ಫ್ರಾನ್ಸಿನಲ್ಲಿ ಕ್ರಾಂತಿಯ ಬಿರುಗಾಳಿ ಬೀಸುತ್ತಿದ್ದ 1792ರಲ್ಲಿ ಗುರುದೀಕ್ಷೆ ಪಡೆದ ದುಬಾಯ್ ಅವರು ಅದೇ ವರ್ಷ ಭಾರತಕ್ಕೆ ಹೊರಟು ಬಂದರು. ನಮ್ಮ ಜನರಂತೆಯೇ ಉಡುಪು ಧರಿಸಿ, ಮಾಂಸಾಹಾರ ತೊರೆದು, ಹಳ್ಳಿಗರ ನಡುವೆ ಬಾಳಿದರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. 1784ರಲ್ಲಿ ಕೆನರಾ ಸೀಮೆಯಿಂದ ಸೆರೆಯಾಗಿ ಬಂದ ಸಾವಿರಾರು ಕಥೋಲಿಕರಲ್ಲಿ ಅಳಿದುಳಿದವರು ಆಗ ಬಿಡುಗಡೆ ಹೊಂದಿದರು. ಅವರಲ್ಲಿ ಅನೇಕರು ಬಲಾತ್ಕಾರಕ್ಕೆ ಒಳಗಾಗಿ ಮತಾಂತರ ಹೊಂದಿದ್ದರು. ಹದಿನೈದು ವರ್ಷಗಳ ಮೇಲೆ ಹಿಂದಿರುಗಿ ಬಂದು ದೇವಾಲಯದ ಬಾಗಿಲಲ್ಲಿ ನಿಂತ ಇಂಥವರನ್ನು ಏನು ಮಾಡಬೇಕು? ಇದು ಹೊಸ ಪ್ರಶ್ನೆಯೇನಲ್ಲ. ಕ್ರಿ.ಶ. 250ರಲ್ಲಿ ರೋಮ್ ಚಕ್ರವರ್ತಿ ಡೇಸಿಯಸನ ಹಿಂಸೆಗೆ ಹೆದರಿ ವಿಗ್ರಹಗಳಿಗೆ ಬಲಿಯರ್ಪಿಸಿದ್ದ ಕ್ರೈಸ್ತರ ವಿಷಯದಲ್ಲಿ ಕಾರ್ಥೇಜಿನ ಧರ್ಮಾಧ್ಯಕ್ಷರಾದ ಸಂತ ಸಿಪ್ರಿಯನ್ನರು ಇದನ್ನೇ ಎದುರಿಸಿದ್ದರು. ಪ್ರಾಯಶ್ಚಿತ್ತ ಮಾಡಿಸಿ ಮರಳಿ ಸೇರಿಸಿಕೊಳ್ಳಬೇಕೆಂಬುದು ಧರ್ಮಸಭೆಯ ತೀರ್ಮಾನವಾಯಿತು. ಶ್ರೀರಂಗಪಟ್ಟಣಕ್ಕೆ ಕರೆಸಲ್ಪಟ್ಟ ದುಬಾಯ್ ಅವರೂ ಅದೇ ದಾರಿ ಹಿಡಿದು, ಚದುರಿದ್ದ ಸಭೆಯನ್ನು ಮತ್ತೆ ಕಟ್ಟಿದರು.

ಮುಂದೆ ಅವರು ತಮ್ಮ ಪತ್ರಗಳಲ್ಲಿ, ಆ ಸಾವಿರಾರು ಜನರಲ್ಲಿ ವಿಶ್ವಾಸಕ್ಕಾಗಿ ಪ್ರಾಣ ಕೊಡುವ ಧೈರ್ಯವುಳ್ಳವರು ಒಬ್ಬರೂ ಇರಲಿಲ್ಲವೆಂದು ಕಟುವಾಗಿ ಬರೆದರು. ಈ ಮಾತನ್ನು ನಾವು ಒಪ್ಪಲಾರೆವು. ಸೆರೆಯಲ್ಲಿದ್ದವರ ಸಂಕಟವನ್ನು ಹೊರಗಿದ್ದವರು ತೂಗುವುದು ಸುಲಭವಲ್ಲ. ಸಂತ ಪೇತ್ರನೇ ಒಂದು ರಾತ್ರಿಯಲ್ಲಿ ಮೂರು ಸಾರಿ ಅಲ್ಲಗಳೆದವನಲ್ಲವೇ? ಆದರೆ ಲೇಖನಿಯಲ್ಲಿ ಇಷ್ಟು ನಿಷ್ಠುರರಾದ ಗುರುಗಳು ಬಾಗಿಲಿಗೆ ಬಂದವರನ್ನು ತಿರುಗಿ ಕಳುಹಿಸಲಿಲ್ಲವೆಂಬುದನ್ನು ನಾವು ಹೆಚ್ಚಿನದಾಗಿ ಎಣಿಸುತ್ತೇವೆ.

ಬಂದವರಿಗೆ ಸಂಸ್ಕಾರಗಳು ದೊರೆತರೆ ಸಾಲದು, ಹೊಟ್ಟೆಗೂ ಬೇಕು. ಆದುದರಿಂದ ಬಡ ಕ್ರೈಸ್ತರಿಗಾಗಿ ಅವರು ಬೇಸಾಯದ ನೆಲೆಗಳನ್ನು ಏರ್ಪಡಿಸಿದರು. ಹಾಸನದ ಬಳಿಯ ಸಾತಳ್ಳಿಯು ಇವುಗಳಲ್ಲಿ ಹೆಸರಾದುದು.

ಇನ್ನು ಸಿಡುಬಿನ ವಿಷಯ. ಹಳ್ಳಿಗಳಲ್ಲಿ 'ಅಮ್ಮ ಬಂದಿದ್ದಾಳೆ' ಎಂದು ಹೇಳುತ್ತಿದ್ದ ಆ ಜಾಡ್ಯ ಬಂದರೆ ಮನೆಮನೆಯೇ ಬರಿದಾಗುತ್ತಿತ್ತು. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ 1796ರಲ್ಲಿ ಪ್ರಯೋಗಿಸಿದ ಗೋಸಿಡುಬಿನ ಲಸಿಕೆಯು 1802ರ ಜೂನಿನಲ್ಲಿ ಮುಂಬಯಿಗೆ ತಲುಪಿತು. ಮರುವರ್ಷವೇ ದುಬಾಯ್ ಅವರು ಮೈಸೂರು ಸೀಮೆಯಲ್ಲಿ ಅದನ್ನು ಕೈಗೊಂಡು, 1803-04ರಲ್ಲಿ ಕೆಲವೇ ತಿಂಗಳುಗಳೊಳಗೆ 25,432 ಜನರಿಗೆ ಹಾಕಿಸಿದರೆಂದು ಲೆಕ್ಕ ದಾಖಲಾಗಿದೆ. ಅಂದು ಸೀಸೆಯಲ್ಲಿ ಬರುವ ಔಷಧವಿರಲಿಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ಎಂಟನೆಯ ದಿನದ ಸುಮಾರಿಗೆ ತೆಗೆದು ಇನ್ನೊಂದು ಮಗುವಿನ ತೋಳಿಗೆ ಗೀರಿ ಹಚ್ಚಬೇಕು. ಸರಪಳಿ ಒಂದು ಕಡೆ ಕಡಿದರೆ ಎಲ್ಲವೂ ನಿಂತಿತು. ಯಾರ ಮಗುವಿನ ರಸ ಯಾರ ಮಗುವಿಗೆ ಎಂಬ ಪ್ರಶ್ನೆ ಜಾತಿಕಟ್ಟಿನ ಊರುಗಳಲ್ಲಿ ಎಂಥದೆಂದು ನಮ್ಮ ಹಿರಿಯರಿಗೆ ಬಿಡಿಸಿ ಹೇಳಬೇಕಿಲ್ಲ. ತಾಯಂದಿರು ಮಗುವಿನ ತೋಳನ್ನು ಮುಂದೆ ನೀಡಬೇಕಾದರೆ ಎದುರಿಗಿದ್ದವನ ನಡತೆಯಲ್ಲಿ ನಂಬಿಕೆ ಹುಟ್ಟಿರಬೇಕು. ಕ್ರೈಸ್ತರಲ್ಲದವರೂ ಅವರನ್ನು ಗೌರವಿಸಿದರು. ಲಸಿಕೆಗೆ ಕನ್ನಡದಲ್ಲಿ 'ದೇವಿ ಹಾಕಿಸುವುದು' ಎಂಬ ಹೆಸರೇ ನಿಂತಿತು. ಆ ರೋಗ ಭೂಮಿಯಿಂದಲೇ ಅಳಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿದ್ದು 1980ರಲ್ಲಿ.

ಹೊಗಳಿಕೆಯ ಜೊತೆಗೆ ಸತ್ಯವನ್ನೂ ಹೇಳಬೇಕು. ಹಿಂದೂ ಜನರ ಆಚಾರ ವ್ಯವಹಾರಗಳನ್ನು ಕುರಿತ ಅವರ ಗ್ರಂಥದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪೆನಿಯು ಕೊಂಡುಕೊಂಡಿತು. 1816ರಲ್ಲಿ ಇಂಗ್ಲಿಷ್ ಅನುವಾದ ಪ್ರಕಟವಾಗಿ ಲೋಕಪ್ರಸಿದ್ಧವಾಯಿತು. ಆದರೆ ಅದರ ಬಹುಭಾಗವು ತೆಲುಗು ಸೀಮೆಯಲ್ಲಿ ಸೇವೆ ಸಲ್ಲಿಸಿದ ಯೇಸುಸಭೆಯ ಗುರು ಕೂರ್ದೂ ಅವರ ಬರಹವನ್ನು ಆಧರಿಸಿದ್ದೆಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮುರ್ 1987ರಲ್ಲಿ ತೋರಿಸಿಕೊಟ್ಟರು. ಕನ್ನಡ ತೆಲುಗುಗಳೆರಡನ್ನೂ ಆಡುವ ಗಡಿಯ ನಮ್ಮಂಥವರಿಗೆ ಆ ಮರೆತುಹೋದ ಗುರುವಿನ ಹೆಸರನ್ನು ಎತ್ತಿ ಹೇಳುವುದು ಕರ್ತವ್ಯವೆಂದು ತೋರುತ್ತದೆ. ಸಿಡುಬಿನ ಲೆಕ್ಕವನ್ನು ಅಷ್ಟು ಚೊಕ್ಕಟವಾಗಿ ಇಟ್ಟವರು ಈ ಋಣದ ಲೆಕ್ಕವನ್ನು ಬರೆಯದೆ ಹೋದರು.

1823ರ ಜನವರಿಯಲ್ಲಿ ಅವರು ಭಾರತವನ್ನು ಬಿಟ್ಟರು. ಆ ವರ್ಷವೇ ಪ್ರಕಟವಾದ ಪತ್ರಗಳಲ್ಲಿ, ಈ ದೇಶದಲ್ಲಿ ಧರ್ಮಪ್ರಚಾರವು ಫಲಿಸುವ ಆಶೆ ತಮಗಿಲ್ಲವೆಂದು ನಿರಾಶೆಯಿಂದ ಬರೆದುಕೊಂಡರು. ಪ್ರಾಟೆಸ್ಟೆಂಟ್ ಪ್ರಚಾರಕರು ಅದಕ್ಕೆ ಪ್ರತ್ಯುತ್ತರಗಳನ್ನು ಬರೆದರು. ಮುಂದೆ ತಮ್ಮ ಸಂಸ್ಥೆಯ ಮುಖ್ಯಸ್ಥರಾಗಿಯೂ ಇದ್ದು, 1848ರ ಫೆಬ್ರವರಿ 17ರಂದು ಪ್ಯಾರಿಸ್ಸಿನಲ್ಲಿ ದೈವಾಧೀನರಾದರು. ತಮ್ಮ ದುಡಿಮೆ ವ್ಯರ್ಥವಾಯಿತೆಂದು ಅವರು ಭಾವಿಸಿ ಹೋದ ಮೇಲೆಯೂ ಸಾತಳ್ಳಿಯ ಸುತ್ತಿನ ಜನ ತಲೆಮಾರುಗಳ ಕಾಲ ಅವರನ್ನು ನೆನೆಯುತ್ತ, ದೊಡ್ಡ ಸ್ವಾಮಿಯವರೆಂದೇ ಹೇಳುತ್ತಿದ್ದರು.