‘ನೈಸ್’ ಎಂಬ ಪದದ ಪೂರ್ವಾಶ್ರಮ

ಈ ಸಲ ಯಾವ ಊರಿನ, ಯಾವ ಅರಸನ ಇತಿಹಾಸವನ್ನೂ ಬರೆಯುತ್ತಿಲ್ಲ; ನಾಲ್ಕೇ ಅಕ್ಷರಗಳ ಒಂದು ಇಂಗ್ಲಿಷ್ ಪದದ ಇತಿಹಾಸವನ್ನು ಬರೆಯುತ್ತಿದ್ದೇನೆ. ಆ ಪದ ‘ನೈಸ್’. ಶಾಲೆಯ ಮೆಟ್ಟಿಲು ಹತ್ತದವರ ನಾಲಿಗೆಯ ಮೇಲೂ ಇರುವ ಪದವಿದು. ಆದರೆ ಮಕ್ಕಳ ಪ್ರಬಂಧದಲ್ಲಿ ಕಾಣಿಸಿಕೊಂಡರೆ ಮಾತ್ರ ಅದರ ಸುತ್ತ ಕೆಂಪು ಶಾಯಿಯ ವೃತ್ತವೊಂದು ಬೀಳುತ್ತದೆ, ಪಕ್ಕದಲ್ಲಿ ಹತ್ತು ಸಮಾನಾರ್ಥಕ ಪದಗಳ ಪಟ್ಟಿ ಬರುತ್ತದೆ. ‘ಈ ಪದ ಅಷ್ಟು ಕೀಳೇ?’ ಎಂದು ನಿಮ್ಮಲ್ಲಿ ಕೆಲವರು ತಮ್ಮ ಮಕ್ಕಳ ಪರವಾಗಿ ಕೇಳುವುದುಂಟು. ಉತ್ತರ ಕೊಡುವ ಮೊದಲು ಆ ಪದದ ಪೂರ್ವಾಶ್ರಮವನ್ನು ವಿಚಾರಿಸಬೇಕು.

ಲ್ಯಾಟಿನ್ ಭಾಷೆಯಲ್ಲಿ ‘ಸ್ಕೀರೆ’ ಎಂದರೆ ತಿಳಿ, ಅರಿ ಎಂದರ್ಥ. ‘ಸೈನ್ಸ್’ ಎಂಬ ಪದ ಹುಟ್ಟಿದ್ದೂ ಇದರಿಂದಲೇ. ಇದರ ಹಿಂದೆ ನಿಷೇಧಾರ್ಥದ ‘ನೆ’ ಸೇರಿ ‘ನೆಸ್ಕಿಯುಸ್’ ಆಯಿತು: ಅರಿಯದವನು, ಅಜ್ಞಾನಿ. ಅದು ಹಳೆಯ ಫ್ರೆಂಚಿಗೆ ಬಂದು ‘ನಿಸ್’ ಎಂದಾಗಿ, ದಡ್ಡ, ಬೆಪ್ಪ ಎಂಬ ಅರ್ಥ ಪಡೆಯಿತು. ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚಿನಿಂದ ಇಂಗ್ಲಿಷಿಗೆ ಹರಿದು ಬಂದ ಸಾವಿರಾರು ಪದಗಳ ಗುಂಪಿನಲ್ಲಿ ಇದೂ ಒಂದು. ಸುಮಾರು 1300ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಒಬ್ಬನನ್ನು ‘ನೈಸ್’ ಎಂದರೆ ಅದು ಬೈಗುಳವೇ ಸರಿ. ಚಾಸರ್ ಕವಿ ಹದಿನಾಲ್ಕನೆಯ ಶತಮಾನದಲ್ಲಿ ಈ ಪದವನ್ನು ಮೂರ್ಖತನದ ಅರ್ಥದಲ್ಲಿಯೇ ಬಳಸಿದ್ದಾನೆ. ಒಂದೇ ತಾಯಿಯ ಮಕ್ಕಳಾದ ‘ಸೈನ್ಸ್’ ಮತ್ತು ‘ನೈಸ್’ಗಳಲ್ಲಿ ಒಂದು ಅರಿವಾಯಿತು, ಇನ್ನೊಂದು ಅರಿವುಗೇಡಿತನವಾಯಿತು.

ನಗಬೇಡಿ, ನಮ್ಮ ಮನೆಯಲ್ಲಿಯೂ ಇಂಥ ಅಣ್ಣತಮ್ಮಂದಿರಿದ್ದಾರೆ. ಸಂಸ್ಕೃತದ ‘ಮುಹ್’ ಎಂಬ ಧಾತುವಿಗೆ ದಿಕ್ಕುಗೆಡು, ಮಂಕಾಗು ಎಂಬ ಅರ್ಥ. ‘ಮೋಹ’ ಬಂದದ್ದು ಅಲ್ಲಿಂದ. ಅದೇ ಧಾತುವಿನಿಂದ, ಒಂದೇ ವ್ಯಾಕರಣ ಕ್ರಮದಲ್ಲಿ, ಎರಡು ರೂಪಗಳು ಹುಟ್ಟಿದವು: ಒಂದು ‘ಮೂಢ’, ಇನ್ನೊಂದು ‘ಮುಗ್ಧ’. ಮೂಢ ಇದ್ದಲ್ಲಿಯೇ ಉಳಿದ. ಮುಗ್ಧ ಮಾತ್ರ ದಡ್ಡತನದಿಂದ ಕಪಟವರಿಯದ ಸ್ಥಿತಿಗೆ, ಅಲ್ಲಿಂದ ಚೆಲುವಿಗೆ ಏರಿ ಕುಳಿತ. ಇಂದು ಮಗುವಿನ ನಗೆಯನ್ನು ಮುಗ್ಧವೆಂದರೆ ತಾಯಿ ಸಂತೋಷಪಡುತ್ತಾಳೆ, ಮೂಢವೆಂದರೆ ಜಗಳಕ್ಕೆ ಬರುತ್ತಾಳೆ. ‘ನೈಸ್’ ಪದದ ಏಳಿಗೆ ನಮಗೆ ಅಷ್ಟೇನೂ ಅಪರಿಚಿತವಲ್ಲ.

ಆದರೆ ಇಂಗ್ಲಿಷಿನಲ್ಲಿ ಆ ಏರಿಕೆ ನೇರ ದಾರಿಯಲ್ಲಿ ಆಗಲಿಲ್ಲ. ದಡ್ಡ ಎಂಬುದರಿಂದ ಚೆಲ್ಲುಚೆಲ್ಲಾದ, ಆಡಂಬರದ ಎಂಬ ಅರ್ಥ, ಅಲ್ಲಿಂದ ಅತಿನಾಜೂಕಿನ, ಸಣ್ಣದಕ್ಕೂ ಮೂಗು ಮುರಿಯುವ ಎಂಬರ್ಥ, ಬಳಿಕ ಕೋಮಲ, ಬಳಿಕ ಸೂಕ್ಷ್ಮ, ಕರಾರುವಾಕ್ಕು. ಹದಿನಾರು, ಹದಿನೇಳನೆಯ ಶತಮಾನಗಳ ಬರಹಗಳಲ್ಲಿ ಈ ಪದ ಸಿಕ್ಕಿದರೆ ಯಾವ ಅರ್ಥ ಹಿಡಿಯಬೇಕೆಂದು ವಿದ್ವಾಂಸರೇ ತಡವರಿಸುತ್ತಾರೆ. ‘ರೋಮಿಯೋ ಮತ್ತು ಜೂಲಿಯೆಟ್’ ನಾಟಕದ ಕೊನೆಯ ಅಂಕದಲ್ಲಿ ಪಾದ್ರಿ ಲಾರೆನ್ಸ್ ತಾನು ಕಳಿಸಿದ ಕಾಗದ ತಲುಪಲಿಲ್ಲವೆಂದು ತಿಳಿದು, ಅದು ‘ನೈಸ್’ ಆದ ಕಾಗದವಲ್ಲ ಎಂದು ಕಳವಳಪಡುತ್ತಾನೆ. ಅಲ್ಲಿ ಅದರ ಅರ್ಥ ಕ್ಷುಲ್ಲಕ! ಇಂದಿನ ಅರ್ಥದಲ್ಲಿ ಓದಿದ ವಿದ್ಯಾರ್ಥಿಗೆ ಆ ಮಾತು ತಲೆಕೆಳಗಾಗಿಬಿಡುತ್ತದೆ.

ಡಾಕ್ಟರ್ ಸ್ಯಾಮ್ಯುಯಲ್ ಜಾನ್ಸನ್ ತಮ್ಮ ಮಹಾನಿಘಂಟನ್ನು ಪ್ರಕಟಿಸಿದ್ದು 1755ರಲ್ಲಿ. ಅದರಲ್ಲಿ ಈ ಪದಕ್ಕೆ ಮೊದಲ ಸ್ಥಾನದಲ್ಲಿರುವುದು ನಿರ್ಣಯದಲ್ಲಿ ಕೂದಲೆಳೆಯಷ್ಟೂ ತಪ್ಪದ ಸೂಕ್ಷ್ಮತೆಯ ಅರ್ಥ. ಈ ಹಳೆಯ ಅರ್ಥ ಸತ್ತಿಲ್ಲ. ವಕೀಲರಾಗಿರುವ ನನ್ನ ವಿದ್ಯಾರ್ಥಿಗಳು ಇದನ್ನು ಒಪ್ಪುತ್ತಾರೆ: ಕಾನೂನಿನ ಒಂದು ಅಂಶವನ್ನು ನ್ಯಾಯಾಧೀಶರು ‘ನೈಸ್’ ಎಂದು ಕರೆದರೆ ಮೆಚ್ಚಿದರೆಂದು ಹಿಗ್ಗಬಾರದು. ಅದು ಬಹಳ ಸೂಕ್ಷ್ಮವಾದ ಪ್ರಶ್ನೆ ಎಂದಷ್ಟೇ ಅದರ ಅರ್ಥ.

ಹಿತವಾದ, ಸೊಗಸಾದ ಎಂಬ ನಾವು ಬಲ್ಲ ಅರ್ಥ ಚೆನ್ನಾಗಿ ಬೇರೂರಿದ್ದು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ. ಬೇರೂರಿದ ಕೂಡಲೇ ದೂರುಗಳೂ ಆರಂಭವಾದವು. ಇಲ್ಲಿ ಜೇನ್ ಆಸ್ಟೆನ್ ಅವರನ್ನು ನೆನೆಯದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಅವರ ‘ನಾರ್ತ್ಯಾಂಗರ್ ಅಬ್ಬೆ’ ಕಾದಂಬರಿ ಅವರು ತೀರಿಕೊಂಡ ಮೇಲೆ, 1817ರ ಡಿಸೆಂಬರಿನಲ್ಲಿ ಹೊರಬಂತು. ಬರೆದದ್ದು ಅದಕ್ಕೂ ಸುಮಾರು ಎರಡು ದಶಕ ಹಿಂದೆ. ಅದರ ನಾಯಕಿ ಕ್ಯಾಥರೀನ್ ಹಳ್ಳಿಯಿಂದ ಬಂದ ಹದಿನೇಳರ ಹುಡುಗಿ, ಓದಿನ ಹುಚ್ಚು ಅವಳಿಗೆ. ಬಾತ್ ಪಟ್ಟಣದ ಹೊರವಲಯದ ಗುಡ್ಡದ ಮೇಲೆ ನಡೆಯುವಾಗ, ಆನ್ ರ‍್ಯಾಡ್‌ಕ್ಲಿಫ್ ಅವರ ಜನಪ್ರಿಯ ಕಾದಂಬರಿಯೊಂದನ್ನು ಅತ್ಯಂತ ‘ನೈಸ್’ ಪುಸ್ತಕವಲ್ಲವೇ ಎಂದು ಕೇಳುತ್ತಾಳೆ. ಜೊತೆಯಲ್ಲಿದ್ದ ಹೆನ್ರಿ ಟಿಲ್ನಿ ಎಂಬ ತರುಣ ಪಾದ್ರಿಗೆ ಕೀಟಲೆ ಮಾಡುವ ಅವಕಾಶ ಸಿಕ್ಕಿತು. ಅಚ್ಚುಕಟ್ಟು ಎಂದು ನಿಮ್ಮ ಅಭಿಪ್ರಾಯವಿರಬೇಕು, ಹಾಗಾದರೆ ಅದು ಪುಸ್ತಕದ ರಟ್ಟನ್ನು ಅವಲಂಬಿಸಿದೆ ಎನ್ನುತ್ತಾನೆ ಆತ. ಹವೆಯೂ ನೈಸ್, ನಡಿಗೆಯೂ ನೈಸ್, ಹೆಣ್ಣುಮಕ್ಕಳೂ ನೈಸ್, ಎಲ್ಲಕ್ಕೂ ಈ ಒಂದೇ ಪದವೇ ಎಂದು ಹಾಸ್ಯ ಮಾಡಿ, ಮೂಲದಲ್ಲಿ ಇದು ಅಚ್ಚುಕಟ್ಟುತನ, ಔಚಿತ್ಯ, ನಯಗಳನ್ನು ಹೇಳುತ್ತಿದ್ದಿರಬೇಕೆಂದು ಪಾಠವನ್ನೂ ಒಪ್ಪಿಸುತ್ತಾನೆ.

ಮೂಲದ ಮಾತಿಗೆ ಬಂದರೆ ಹೆನ್ರಿ ಮಹಾಶಯನ ಪಾಠವೇ ತಪ್ಪು. ಮೂಲದಲ್ಲಿ ಅದು ಅಜ್ಞಾನ. ಅವನು ಮೂಲವೆಂದು ತಿಳಿದದ್ದು ನಡುವಿನ ಒಂದು ಮೆಟ್ಟಿಲು ಮಾತ್ರ. ಭಾಷೆ ಕೆಟ್ಟಿತೆಂದು ಗೋಳಾಡುವವರೆಲ್ಲ ಸಾಮಾನ್ಯವಾಗಿ ಹೀಗೆಯೇ. ತಮ್ಮ ಅಜ್ಜನ ಕಾಲದ ಅರ್ಥವನ್ನೇ ಅನಾದಿಯೆಂದು ನಂಬುತ್ತಾರೆ. ಆಗ ಅವನ ತಂಗಿ ಎಲಿನರ್ ಅದೇ ಪದವನ್ನು ಅವನ ಮೇಲೆಯೇ ತಿರುಗಿಸಿ, ನಿನ್ನಲ್ಲಿರುವುದು ವಿವೇಕಕ್ಕಿಂತ ನಾಜೂಕೇ ಹೆಚ್ಚು ಎಂಬ ಭಾವದಲ್ಲಿ ಅಣ್ಣನ ಬಾಯಿ ಮುಚ್ಚಿಸುತ್ತಾಳೆ.

ನೂರು ವರ್ಷಗಳ ಬಳಿಕ ಫೌಲರ್ ಬಂದರು. ಹಲವು ವರ್ಷ ಶಾಲಾಮಾಸ್ತರರಾಗಿದ್ದವರು. 1926ರಲ್ಲಿ ಅವರು ಪ್ರಕಟಿಸಿದ ಇಂಗ್ಲಿಷ್ ಬಳಕೆಯ ಕೋಶ ನಮ್ಮ ತಲೆಮಾರಿನ ಅಧ್ಯಾಪಕರಿಗೆ ಸ್ಮೃತಿಗ್ರಂಥವಿದ್ದಂತೆ. ಈ ಪದದ ಸ್ವಂತಿಕೆಯನ್ನು ಹೆಂಗಸರು ಅತಿಯಾಗಿ ಮುದ್ದಿಸಿ ಕಳೆದರೆಂಬುದು ಅವರ ಆರೋಪ. ಫೌಲರ್ ಅವರ ಮೇಲೆ ನನಗೆ ಅಪಾರ ಗೌರವವಿದೆ, ಆದರೆ ಈ ಮಾತು ನ್ಯಾಯವಲ್ಲ. ಒಂದು ಪದವನ್ನು ನೂರಾರು ವರ್ಷ ತಿರುಚಿದವರಲ್ಲಿ ಕವಿಗಳೂ ಪಾದ್ರಿಗಳೂ ವಕೀಲರೂ ಇದ್ದರು. ಲೇಖನಿ ಹಿಡಿದವರಲ್ಲಿ ಬಹುಮಂದಿ ಗಂಡಸರೇ. ಕೊನೆಯ ಮೆಟ್ಟಿಲಿನ ಹೊಣೆ ಮಾತ್ರ ಹೆಂಗಸರದೇ?

ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದದ್ದು ‘ಸಿಲ್ಲಿ’. ಹಳೆಯ ಇಂಗ್ಲಿಷಿನಲ್ಲಿ ಅದರ ಪೂರ್ವಜ ಪದಕ್ಕೆ ಧನ್ಯ, ದೇವರ ಕೃಪೆ ಪಡೆದ ಎಂದರ್ಥ. ಅದರ ಜರ್ಮನ್ ಸೋದರ ‘ಜೇಲಿಷ್’ ಇಂದಿಗೂ ಆ ಪವಿತ್ರಾರ್ಥವನ್ನು ಉಳಿಸಿಕೊಂಡಿದ್ದಾನೆ. ಇಂಗ್ಲೆಂಡಿನಲ್ಲಿ ಧನ್ಯನು ನಿರಪರಾಧಿಯಾದ, ನಿರಪರಾಧಿ ಕನಿಕರಕ್ಕೆ ಪಾತ್ರನಾದ, ಕನಿಕರಕ್ಕೆ ಪಾತ್ರನಾದವನು ಕೊನೆಗೆ ಪೆದ್ದನಾದ. ‘ಪ್ರಿಟಿ’ ಎಂಬುದು ಮೊದಲು ಕುಟಿಲ, ತಂತ್ರಗಾರ ಎಂಬರ್ಥದ್ದು. ಪ್ರೀತಿಯನ್ನು ಹೇಳುವ ‘ಫಾಂಡ್’ ಎಂಬುದೂ ಮೊದಲು ಬುದ್ಧಿಗೆಟ್ಟ ಎಂಬುದೇ. ನಮ್ಮ ‘ಮರುಳು’ ಹುಚ್ಚನ್ನೂ ಒಲವನ್ನೂ ಒಟ್ಟಿಗೆ ಹೊತ್ತು ನಿಂತಿರುವುದನ್ನು ನೆನೆದುಕೊಳ್ಳಿ.

ಇನ್ನು ಕೆಂಪು ಶಾಯಿಯ ಪಟ್ಟಿಯ ವಿಷಯ. ಪೀಟರ್ ಮಾರ್ಕ್ ರಾಜೆಟ್ ಎಂಬ ವೈದ್ಯರು 1805ರ ಸುಮಾರಿಗೆ ತಮ್ಮ ಸ್ವಂತ ಉಪಯೋಗಕ್ಕಾಗಿ ಸಮಾನಾರ್ಥಕಗಳ ಪಟ್ಟಿಯೊಂದನ್ನು ಮಾಡಿಕೊಂಡು, 1852ರಲ್ಲಿ, ತಮ್ಮ ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಅದನ್ನು ಬೆಳೆಸಿ ‘ಥೆಸಾರಸ್’ ಎಂದು ಪ್ರಕಟಿಸಿದರು. ಅದ್ಭುತ ಗ್ರಂಥ. ಆದರೆ ಅದು ಪದ ಬಲ್ಲವನಿಗೆ ನೆನಪು ಮಾಡಿಕೊಡುವ ಪುಸ್ತಕವೇ ಹೊರತು ಬಟ್ಟೆ ಬದಲಿಸುವ ಕೋಣೆಯಲ್ಲ. ‘ಪ್ಲೆಸಂಟ್’, ‘ಅಗ್ರೀಯಬಲ್’ಗಳು ಫ್ರೆಂಚ್ ಮನೆತನದವು, ದೂರದ ಮರ್ಯಾದೆಯವು, ‘ಕೈಂಡ್’, ‘ಲವ್ಲಿ’ಗಳು ಅಚ್ಚ ಇಂಗ್ಲಿಷ್ ಮನೆಯವು, ಎದೆಗೆ ಹತ್ತಿರದವು. ಹವೆಗೆ ‘ಪ್ಲೆಸಂಟ್’ ಸಲ್ಲುತ್ತದೆ, ‘ಕೈಂಡ್’ ಸಲ್ಲುವುದಿಲ್ಲ. ಅಜ್ಜಿಯ ಬಗ್ಗೆ ಹುಡುಗಿಯೊಬ್ಬಳು ‘ನೈಸ್’ ಎಂದು ಬರೆದಲ್ಲಿ ‘ಸ್ಪ್ಲೆಂಡಿಡ್’ ಎಂದು ತಿದ್ದಿಸಿದರೆ ಪ್ರಬಂಧ ಹೊಳೆಯುತ್ತದೆ, ಅಜ್ಜಿ ಮಾಯವಾಗುತ್ತಾಳೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಆ ಪದವೇ ಇಂಗ್ಲಿಷಿನಲ್ಲಿ ಧೈರ್ಯವಾಗಿ ಇಡುವ ಮೊದಲ ಹೆಜ್ಜೆ. ಅದನ್ನು ಕಿತ್ತುಕೊಂಡರೆ ಅವರು ಹತ್ತು ಪದ ಕಲಿಯುವುದಿಲ್ಲ, ಬಾಯಿ ಮುಚ್ಚಿಕೊಳ್ಳುತ್ತಾರೆ. ಅಜ್ಜಿ ಏನು ಮಾಡುತ್ತಿದ್ದಳು ಎಂದು ಕೇಳಬೇಕು. ಮುಂದಿನ ವಾಕ್ಯದಲ್ಲಿ ಆಕೆ ತಾನಾಗಿಯೇ ಬರುತ್ತಾಳೆ. ಹಾಗೆಂದು ಆ ಒಂದೇ ಪದಕ್ಕೆ ನಿಂತುಬಿಟ್ಟರೂ ಕಷ್ಟವೇ. ನಿಮ್ಮ ವರ್ಗಾವಣೆ ಪತ್ರಗಳಲ್ಲಿ ‘ನಡತೆ: ಉತ್ತಮ’ ಎಂದಿರುವುದನ್ನು ನೋಡಿದ್ದೀರಲ್ಲ? ಸಾಧುವಿಗೂ ತುಂಟನಿಗೂ ಅದೇ ಒಕ್ಕಣೆ. ಎಲ್ಲರಿಗೂ ಸಲ್ಲುವ ಮೆಚ್ಚುಗೆ ಯಾರ ಗುರುತನ್ನೂ ಹೇಳುವುದಿಲ್ಲ.

ಕೊನೆಗೆ ನಮ್ಮ ಕನ್ನಡದ ‘ನೈಸು’. ಇದು ನಮ್ಮಲ್ಲಿಗೆ ಬಂದು ಇನ್ನೊಂದು ಜನ್ಮವನ್ನೇ ಎತ್ತಿದೆ. ಹಿಟ್ಟನ್ನು ನೈಸಾಗಿ ರುಬ್ಬಬೇಕು, ಹಲಗೆಯನ್ನು ಉಜ್ಜಿ ನೈಸು ಮಾಡಬೇಕು, ಈ ಸೀರೆ ಬಹಳ ನೈಸು, ಸೆರಗು ನಿಲ್ಲುವುದಿಲ್ಲ. ಇಲ್ಲಿ ಅದರ ಅರ್ಥ ನುಣುಪು. ಇಂಗ್ಲಿಷಿನವನಿಗೆ ಈ ವಾಕ್ಯಗಳಲ್ಲಿ ಒಂದೂ ಸರಿಯಾಗಿ ತಿಳಿಯದು. ನಮ್ಮ ‘ನಯ’ ಎಂಬ ಪದದ ಧ್ವನಿಯೂ ಅರ್ಥವೂ ಬಾಗಿಲಲ್ಲಿ ನಿಂತು ಈ ಅತಿಥಿಯನ್ನು ಕೈಹಿಡಿದು ಒಳಗೆ ಕರೆದುಕೊಂಡಿರಬೇಕೆಂಬುದು ನನ್ನ ಊಹೆ. ಏಕೆಂದರೆ ನಯಕ್ಕೆ ಇರುವ ಕತ್ತಲ ಮಗ್ಗುಲೂ ಇದಕ್ಕೆ ಅಂಟಿಕೊಂಡಿದೆ. ನಯವಂಚಕ ಎನ್ನುತ್ತೇವಲ್ಲ, ಹಾಗೆಯೇ ಯಾರನ್ನಾದರೂ ‘ನೈಸು ಮಾಡುವುದು’ ಎಂದರೆ ಬೆಣ್ಣೆ ಹಚ್ಚಿ ಕೆಲಸ ಸಾಧಿಸುವುದು. ಸಾಲ ಕೊಟ್ಟವನು ಎದುರಿಗೆ ಬಂದಾಗ ನೈಸಾಗಿ ಜಾರಿಕೊಂಡವನಲ್ಲಿ ಲ್ಯಾಟಿನಿನ ಆ ಅರಿಯದವನ ಸುಳಿವೂ ಇಲ್ಲ. ಇವನು ಎಲ್ಲವನ್ನೂ ಅರಿತವನು.